ಮಾವನ ನೀಲಿ ಮೊಸರು

ನನ್ನ ಸೋದರಮಾವನ ಪ್ರಕಾರ ಈ ಭೂಮಿಯ ಮೇಲೆ ಟೇಪಿನ ಅಳತೆಗೆ ಸಿಗದ ವಸ್ತು ಒಂದೇ ಒಂದು: ನಮ್ಮ ಅತ್ತೆಯ ಹಟ! ಬಳ್ಳಾರಿಯ ಜೀನ್ಸ್ ಕಾರ್ಖಾನೆಯಲ್ಲಿ ಕಟಿಂಗ್ ಮಾಸ್ಟರ್ ಆಗಿದ್ದವರು ಮಾವ. ಕೆಲಸ ಬಿಟ್ಟರೂ ಟೇಪು ಅವರ ಕೊರಳು ಬಿಟ್ಟಿಲ್ಲ. ಮದುವೆಮನೆಯಲ್ಲಿ ಯಾರೋ ಅವರನ್ನು ಡಾಕ್ಟರೆಂದು ತಿಳಿದು ಮೊಣಕಾಲು ನೋವು ಹೇಳಿಕೊಂಡರು. ಮಾವ ಔಷಧವನ್ನೂ ಹೇಳಿ ಕಳಿಸಿದರು!

ಹೋದ ವರ್ಷ ಅತ್ತೆಗೆ ಸಕ್ಕರೆ ಕಾಯಿಲೆ ಬಂತು. ಅನ್ನ ಬಿಟ್ಟು ಹಸಿ ತರಕಾರಿ, ನವಣೆ ತಿನ್ನಿ, ಇಲ್ಲದಿದ್ದರೆ ಇನ್ಸುಲಿನ್ ಸೂಜಿಯೇ ಗತಿ ಎಂದರು ಡಾಕ್ಟರು. ಕಟಿಂಗ್ ಮಾಸ್ಟರನ ಹೆಂಡತಿಗೆ ಸೂಜಿ ಎಂದರೆ ಜೀವಭಯ! ಅನ್ನ ಬಿಡುವುದೆಂದರೆ ಅದಕ್ಕಿಂತ ಭಯ. ಗಂಡ ಹೆಂಡತಿ ಇಬ್ಬರೂ ಸಿರುಗುಪ್ಪದ ಕಡೆಯವರು, ಅಲ್ಲಿನ ಕರೂರಿನ ಗದ್ದೆಯ ಅನ್ನ ಉಂಡು ಬೆಳೆದವರು. ನಾಲ್ಕು ರೊಟ್ಟಿ ತಿಂದರೂ ಅನ್ನ ಬೀಳದಿದ್ದರೆ ಅವರ ಲೆಕ್ಕದಲ್ಲಿ ಊಟವೇ ಆಗಿಲ್ಲ.

"ಸೊಪ್ಪು ತಿನ್ನಾಕ ನಾನೇನು ಎಮ್ಮಿ ಏನ್ರಿ?" ಎಂದು ಅತ್ತೆ ತಟ್ಟೆ ಸರಿಸಿದರು.

"ನಾ ತಿನ್ನಸ್ತೀನಿ ನೋಡು" ಎಂದು ಮಾವ ನನಗೆ ಫೋನಿನಲ್ಲಿ ಒಂದು ವಿಡಿಯೊ ತೋರಿಸಿದರು. ಸಲಾಡಿನ ಮೇಲೆ ಸುರಿಯುವ ಕೆನೆಯಂಥ ಡ್ರೆಸ್ಸಿಂಗ್. "ಮ್ಯಾಲೆ ಬೀಳೋದು ರುಚಿ ಇದ್ರ ಸೊಪ್ಪು ತಾನ ಒಳಗ ಹೋಗ್ತೈತಿ." ಆತ್ಮವಿಶ್ವಾಸವೆಂದರೆ ಅದು! ಅಲ್ಲಿಯವರೆಗೆ ಮಾವ ಬಿಸಿ ಮಾಡಿದ್ದು ಇಸ್ತ್ರಿಪೆಟ್ಟಿಗೆ ಒಂದನ್ನೇ.

ಅತ್ತೆಯ ತಂಗಿಯ ಕುರುಗೋಡಿನ ಮನೆಯಿಂದ ಎಮ್ಮೆ ಹಾಲಿನ ಗಟ್ಟಿ ಮೊಸರು ಬಂತು. ಅದನ್ನು ಬಟ್ಟೆಯಲ್ಲಿ ಕಟ್ಟಿ ನೀರು ಇಳಿಸಬೇಕೆಂದು ವಿಡಿಯೊದವಳು ಹೇಳಿದ್ದಳು. ಯಾವ ಬಟ್ಟೆ ಎಂದು ಹೇಳಿರಲಿಲ್ಲ. ಮಾವ ಹೊಚ್ಚ ಹೊಸ ಜೀನ್ಸಿನ ಕಾಲೊಂದನ್ನು ಕತ್ತರಿಸಿ, ತುದಿಗೆ ಗಂಟು ಹಾಕಿ, ಮೊಸರು ತುಂಬಿ, ಕಂಟೋನ್ಮೆಂಟಿನ ತಮ್ಮ ಮನೆಯ ಕಿಟಕಿಗೆ ತೂಗುಹಾಕಿದರು.

"ಮಾಮಾ, ಹಳೇ ಪಂಚಿ ಸಾಕಾಗಿತ್ತಲ್ಲ?"

"ಲೇ, ಪಂಚಿ ಹರೀತೈತಿ. ಇದು ಜೀನ್ಸು!"

ಹರಿಯಲಿಲ್ಲ, ನಿಜ. ಬಣ್ಣ ಬಿಟ್ಟಿತು. ಸಂಜೆ ಗಂಟು ಬಿಚ್ಚಿದರೆ ಮೊಸರೆಲ್ಲ ನೀಲಿ! ಅತ್ತೆ ಇಣುಕಿ ನೋಡಿ, "ಇದನ್ನ ಆ ನೀಲಕಂಠಗ ಕುಡಸ್ರಿ, ಅವಂಗ ರೂಢಿ ಐತಿ" ಎಂದರು.

ಮುಂದಿನ ಸಲ ಪಂಚೆ ಬಂತು, ಬೆಳ್ಳುಳ್ಳಿ ಹೆಚ್ಚಾಯಿತು. ಎರಡು ಎಸಳು ಹಾಕುವಲ್ಲಿ ಎಂಟು! "ಹೊಲಿಗ್ಯಾಗ ಒಂದೀಟು ಮಾರ್ಜಿನ್ ಬಿಡಬೇಕಲೇ, ಆಮ್ಯಾಲೆ ಬಿಗಿ ಆದ್ರ ಬಿಚ್ಚಾಕ ಬರ್ತೈತಿ." ಅರೆದ ಬೆಳ್ಳುಳ್ಳಿಯನ್ನು ಬಿಚ್ಚುವುದು ಹೇಗೆ? ಆ ವಾರವೆಲ್ಲ ಪಕ್ಕದ ಮನೆಯವರು ಕಾಂಪೌಂಡಿನ ಆಚೆಯಿಂದಲೇ ಮಾತಾಡಿದರು.

ಐದನೆಯ ಸಲ ಕೈಗೂಡಿತು. ಹುರಿದು ಸಿಪ್ಪೆ ತೆಗೆದ ಶೇಂಗಾ, ಮೊಸರು, ಹಸಿಮೆಣಸು, ಜೀರಿಗೆ, ನಿಂಬೆಹುಳಿ ಸೇರಿಸಿ ಬೆಣ್ಣೆಯಂತೆ ರುಬ್ಬಿದ್ದರು. ಸೌಟಿನ ಬೆನ್ನ ಮೇಲೆ ಬೆರಳಿನಿಂದ ಗೆರೆ ಎಳೆದರೆ ಅದು ಮುಚ್ಚಿಕೊಳ್ಳಬಾರದು, ಬಟ್ಟೆಯ ಮೇಲಿನ ಸೀಮೆಸುಣ್ಣದ ಗುರುತಿನಂತೆ ನಿಲ್ಲಬೇಕು ಎಂಬುದು ಮಾವನ ಹದ. ನವಣೆ, ಸೌತೆಕಾಯಿ, ಮೆಂತ್ಯ ಸೊಪ್ಪಿನ ಮೇಲೆ ಅದನ್ನು ಸುರಿದು ಅತ್ತೆಯ ಮುಂದಿಟ್ಟರು.

"ಉಪ್ಪು ಕಮ್ಮಿ ಆಗೇತಿ" ಎನ್ನುತ್ತಲೇ ಅತ್ತೆ ಬಟ್ಟಲು ಖಾಲಿ ಮಾಡಿದರು. ಮಾವ ಅದರೊಳಗೆ ಟೇಪು ಇಳಿಸಿ ತಳ ನೋಡಿದರು! ಅಂದಿನಿಂದ ದಿನವೂ ಬಟ್ಟಲು ಖಾಲಿ, ದಿನವೂ "ಉಪ್ಪು ಕಮ್ಮಿ".

ಮೂರು ತಿಂಗಳಾದ ಮೇಲೆ ರಕ್ತ ಪರೀಕ್ಷೆಯಾಯಿತು. ಸೂಜಿ ಬೇಡ ಎಂದರು ಡಾಕ್ಟರು. ಆ ಮಧ್ಯಾಹ್ನ ನಾನು ಹೋದಾಗ ಮಾವ ಡ್ರೆಸ್ಸಿಂಗ್ ರುಬ್ಬುತ್ತಿದ್ದರು. ಅತ್ತೆ ಬಿಸಿ ಅನ್ನದ ಪಾತ್ರೆ ತಂದು ಅವರ ಮುಂದಿಟ್ಟರು.

"ನೀವರ ಅನ್ನ ಉಣ್ರಿ. ಮೂರು ತಿಂಗಳಾತು, ನನ್ನ ಜೋಡಿ ಸೊಪ್ಪು ತಿನ್ನಾಕತ್ತೀರಿ. ನಿಮಗೇನು ಸಕ್ಕರಿ ಐತೇನು?"

ಅಷ್ಟು ದಿನ ಆ ಮನೆಯಲ್ಲಿ ಅನ್ನವೇ ಆಗಿರಲಿಲ್ಲ. ವಾರಕ್ಕೆರಡು ಸಲ ಬಂದುಹೋಗುವ ನಾನು ಅದನ್ನು ಗಮನಿಸಿಯೇ ಇರಲಿಲ್ಲ!

ಮಾವ ತಲೆ ಎತ್ತಲಿಲ್ಲ. "ಪ್ಯಾಂಟಿನ ಒಂದು ಕಾಲು ಮೋಟು ಮಾಡಿ ಇನ್ನೊಂದು ಉದ್ದ ಬಿಟ್ರ ಹೆಂಗ? ಎರಡೂ ಒಂದ ಅಳತಿ ಇರಬೇಕು" ಎಂದು ಎರಡು ಬಟ್ಟಲುಗಳಿಗೆ ಸಮನಾಗಿ ಸುರಿದರು.

ಅತ್ತೆ ಅನ್ನದ ಪಾತ್ರೆಯನ್ನು ನನ್ನ ಕಡೆ ಸರಿಸಿ, ತಮ್ಮ ಬಟ್ಟಲಿನಿಂದ ಒಂದು ಚಮಚ ಬಾಯಿಗಿಟ್ಟು, ಮೊದಲ ಸಲ ಹೇಳಿದರು: "ಇವತ್ತು ಉಪ್ಪು ಸರಿಯಾಗೇತಿ ನೋಡ್ರಿ."

ನಾನು ಬೆರಳದ್ದಿ ನೋಡಿದೆ. ಮಾವ ಅಂದು ಉಪ್ಪು ಹಾಕುವುದನ್ನೇ ಮರೆತಿದ್ದರು.