ಎರಡನೇ ಸೀಡಿಯ ಪಟ್ಟಾಭಿಷೇಕ

ಸೀರೆಯ ಗಂಟು ಇಡಲು ಮನೆಯಲ್ಲಿ ಜಾಗ ಸಾಲದೇ ಹೋದದ್ದೇ ಎಲ್ಲ ಫಜೀತಿಗೂ ಮೂಲ. ಗಜೇಂದ್ರಗಡದ ನೇಕಾರರ ಓಣಿಯಲ್ಲಿ ಕಳಕೇಶನ ಮಗ್ಗಕ್ಕೆ ಒಳ್ಳೆಯ ಹೆಸರಿತ್ತು. ಆದರೆ ನೇಯ್ದ ಸೀರೆ ಇಡಬೇಕಾದ ಮೂಲೆಯಲ್ಲಿ ಅವನ ಹರೆಯದ ಕಾಲದ ಕಂಪ್ಯೂಟರೊಂದು ಮನೆ ಅಳಿಯನಂತೆ ಠಿಕಾಣಿ ಹೂಡಿತ್ತು. ಆ ಭಾನುವಾರ ಹೆಂಡತಿ ನಿರ್ಮಲಾ ಗುಜರಿಯ ಇಮಾಮಸಾಬನನ್ನು ಕೈಗಾಡಿ ಸಮೇತ ಬಾಗಿಲಿಗೇ ಕರೆಸಿದಳು.

“ಇದನ್ನ ಒಯ್ರಿ ಕಾಕಾ.”

ಕಳಕೇಶ ಓಡಿಬಂದು ಕಂಪ್ಯೂಟರನ್ನು ತಬ್ಬಿಕೊಂಡ. “ಏ, ಇದು ಇನ್ನಾ ಚಾಲೂ ಐತಿ!”

“ಚಾಲೂ ಇದ್ದು ಏನ್ ಮಾಡೂದೈತ್ರಿ? ನಾಕ ಮಂದಿ ನೋಡಿ ಭೇಷ್ ಅನ್ನುವಂಥಾದ್ದು ಇದರಾಗ ಏನರೆ ಇದ್ರ ತೋರಸ್ರಿ, ಇಟ್ಕೊಳ್ಳೂಣು. ಕಾಕಾ ಊಟಾ ಮಾಡಿ ಬರೂದ್ರೊಳಗ ತೋರಸ್ಬೇಕು. ಇಲ್ಲಂದ್ರ ಗಾಡಿಗೆ ಹಾಕೂದ.”

ತೋರಿಸುವಂಥದ್ದು ಇತ್ತು. ‘ಏಳು ಕೋಟೆ’ ಎಂಬ ಹಳೆಯ ಆಟ. ಒಂದೊಂದು ಕೋಟೆ ಗೆದ್ದಾಗಲೂ ಒಂದು ಸಣ್ಣ ಸಿನಿಮಾ ತುಣುಕು ಬರುತ್ತಿತ್ತು. ಕೊನೆಯದರಲ್ಲಿ ರಾಜಕುಮಾರನ ಪಟ್ಟಾಭಿಷೇಕ. ಆರು ಕೋಟೆ ಗೆಲ್ಲುವಷ್ಟರಲ್ಲಿ ಮದುವೆ, ಮಗ್ಗ, ಸಂಸಾರ ಬಂದು ಅಮರಿಕೊಂಡು, ಕಳಕೇಶನ ಏಳನೇ ಕೋಟೆ ಹಾಗೆಯೇ ಉಳಿದುಬಿಟ್ಟಿತ್ತು.

ಅವನು ಕುರ್ಚಿ ಎಳೆದು ಕೂತ. ಸುದ್ದಿ ತಿಳಿದು ಪಕ್ಕದ ಮನೆಯ ಸಕ್ರವ್ವ ಬಂದಳು. ಮೊಬೈಲ್ ರಿಪೇರಿಯ ರಫೀಕ ಅಂಗಡಿಯನ್ನೇ ಬಿಟ್ಟು ಬಂದ. ಆಮೇಲೆ ಅರ್ಧ ಓಣಿ ಬಂತು. ಎಲ್ಲರ ಸಲಹೆ ಕೇಳುತ್ತ, ಒಂದನ್ನೂ ಪಾಲಿಸದೆ, ಕಳಕೇಶ ಕೋಟೆಯ ರಾಕ್ಷಸನನ್ನು ಕೆಡವಿಯೇಬಿಟ್ಟ. ಎಲ್ಲರೂ ಹೋ ಎಂದರು. ಪರದೆ ಮಾತ್ರ ತಣ್ಣಗೆ ಎರಡನೇ ಸೀಡಿ ಹಾಕು ಎಂದಿತು.

ಆಟವೆಲ್ಲ ಕಂಪ್ಯೂಟರಿನ ಹೊಟ್ಟೆಯೊಳಗೇ ಇತ್ತು. ಸಿನಿಮಾ ತುಣುಕುಗಳಿದ್ದದ್ದು ಎರಡನೇ ಸೀಡಿಯಲ್ಲಿ. ಅದರ ಡಬ್ಬಿ ತೆರೆದರೆ ಖಾಲಿ!

“ಆ ಮಿಂಚೂ ಬಿಲ್ಲೀನ? ಮಾಳಗಿ ಮ್ಯಾಲ ಕಟ್ಟೀನಲ್ಲೋ,” ಎಂದಳು ತಾಯಿ ಹೊನ್ನವ್ವ. “ಕಾಗಿ ಸಂಡಿಗಿಗೆ ಬಾಯಿ ಹಾಕ್ತಿದ್ವು.”

ಕಳಕೇಶ ಮೆಟ್ಟಿಲು ಹಾರಿದ. ಸಂಡಿಗೆಯ ಮೇಲೆ ಪಟ್ಟಾಭಿಷೇಕ ದಾರದಲ್ಲಿ ನೇತಾಡುತ್ತಿತ್ತು.

“ಬಿಚ್ಚಬ್ಯಾಡೋ, ಸಂಡಿಗಿ ಕಾಗಿ ಪಾಲಾಗತಾವ!” ಎನ್ನುತ್ತ ಹೊನ್ನವ್ವ ಹಿಂದೆಯೇ ಹತ್ತಿ ಬಂದಳು.

“ಅವ್ವಾ, ಕೆಳಗ ಒಂದ ರಾಜ್ಯಾನ ಗುಜರಿ ಪಾಲಾಗಾಕತ್ತೈತಿ!”

ಹೊನ್ನವ್ವ ಕೋಲು ಹಿಡಿದು ಕಾವಲಿಗೆ ಕೂತಳು. ಸೀಡಿಯ ಮೇಲೆ ಧೂಳು, ಗೀರು, ಜೊತೆಗೆ ಕಾಗೆಗಳ ಅಭಿಪ್ರಾಯವೂ ಇತ್ತು. ರಫೀಕ ಅದಕ್ಕೆ ಹಲ್ಲುಜ್ಜುವ ಪೇಸ್ಟ್ ಹಚ್ಚಿ ತಿಕ್ಕಿದ. ಒಳಗೆ ತಳ್ಳಿದಾಗ ಕಂಪ್ಯೂಟರು ಹಿಟ್ಟಿನ ಗಿರಣಿಯಂತೆ ಗರಗರ ಎಂದಿತು. ಕಹಳೆ ಮೊಳಗಿತು, ಜಯಘೋಷವಾಯಿತು, ಆದರೆ ಪರದೆ ಕಪ್ಪಾಗಿಯೇ ಇತ್ತು.

“ಪಟ್ಟಾಭಿಷೇಕ ಕತ್ತಲಾಗ ಮಾಡ್ತಾರೇನೋ?” ಎಂದು ಸಕ್ರವ್ವ ಕೇಳಿದಳು.

ರಫೀಕ ಕಂಪ್ಯೂಟರಿಗೆ ಎರಡು ಗುದ್ದು ಹಾಕಿದ. ಕಳಕೇಶನಿಗೆ ಫಕ್ಕನೆ ನೆನಪಾಯಿತು. ಆ ಕಾಲದ ತುಣುಕುಗಳಿಗೆ ಇನ್ನೂರೈವತ್ತಾರು ಬಣ್ಣಗಳಷ್ಟೇ ಗೊತ್ತು. ಪರದೆಯ ಬಣ್ಣ ಹೆಚ್ಚಾದರೆ ಅವು ಮುಖವನ್ನೇ ತೋರಿಸುವುದಿಲ್ಲ.

“ಬಣ್ಣಾ ಕಡಿಮಿ ಮಾಡ್ಬೇಕು!”

“ಸೀರಿಗೆ ಇನ್ನೊಂದ ಬಣ್ಣಾ ಹಾಕ್ರಿ ಅಂದ್ರ ಹಾಕೂದಿಲ್ಲ. ಇಲ್ಲೂ ಕಡಿಮೀನ ಮಾಡ್ರಿ,” ಎಂದಳು ನಿರ್ಮಲಾ.

ಬಣ್ಣ ಇಳಿಸಲು ಕಂಪ್ಯೂಟರನ್ನು ಆರಿಸಿ ಮತ್ತೆ ಹಚ್ಚಬೇಕಾಯಿತು. ಹಾಗಾಗಿ ಸತ್ತ ರಾಕ್ಷಸನೂ ಎದ್ದು ನಿಂತಿದ್ದ. ಅಷ್ಟರಲ್ಲಿ ಬಾಗಿಲಲ್ಲಿ ಗಾಡಿಯ ಗಡಗಡ ಸದ್ದು.

“ಊಟಾ ಆತ್ರಿ,” ಎಂದ ಇಮಾಮಸಾಬ.

ಕಳಕೇಶ ಹಲ್ಲು ಕಚ್ಚಿ ಕತ್ತಿ ಬೀಸಿದ. ರಾಕ್ಷಸ ಉರುಳಿದ. ಪರದೆಯ ನಡುವೆ ಕಡ್ಡಿಪೆಟ್ಟಿಗೆಯಷ್ಟು ಜಾಗದಲ್ಲಿ ಗೆರೆ ಗೆರೆಯಾಗಿ ಒಂದು ಸಿಂಹಾಸನ ಮೂಡಿತು! ಓಣಿಯೆಲ್ಲ ಒಬ್ಬರ ಹೆಗಲ ಮೇಲೊಬ್ಬರು ಬಗ್ಗಿತು. ಕಿರೀಟ ನಡುಗುತ್ತ ಇಳಿದು ರಾಜಕುಮಾರನ ತಲೆಯ ಮೇಲೆ ಕೂತಿತು. ರಫೀಕ ಸಿಳ್ಳೆ ಹಾಕಿದ. ಸಕ್ರವ್ವ ತೆರೆಯ ಮೇಲಿನ ರಾಜನಿಗೇ ದೃಷ್ಟಿ ತೆಗೆದಳು. ಕಳಕೇಶನ ಕಣ್ಣು ತುಂಬಿ ಬಂತು. ಜನ್ಮ ಸಾರ್ಥಕವಾಯಿತೆನಿಸಿತು.

“ಹೌದ್ರಿ, ಗೆದ್ರಿ,” ಎಂದು ನಿರ್ಮಲಾ ನಕ್ಕಳು. “ಕಾಕಾ, ಇದನ್ನ ಕೊಡೂದಿಲ್ರಿ.”

ಕಳಕೇಶನ ಎದೆ ಉಬ್ಬಿತು. ಆಗ ಸಕ್ರವ್ವ ಮೆಲ್ಲಗೆ ಕೇಳಿದಳು. “ತಮ್ಮಾ, ಇದರಾಗ ಯಾವ ಸೀಡಿ ಹಾಕಿದ್ರೂ ಓಡತೈತೇನ?”

“ಯಾವದರ ತರ್ರಿ ಅಕ್ಕಾ, ಓಡಿಸಿ ತೋರಸ್ತೀನಿ!”

ಸಕ್ರವ್ವ ಮನೆಗೆ ಓಡಿ ಮಗಳ ಮದುವೆಯ ಸೀಡಿ ತಂದಳು. “ಸೀಡಿ ಹಾಕೂ ಮಷಿನ್ ಕೆಟ್ಟಾಗಿಂದ ನೋಡೇ ಇಲ್ಲೋ ಯಪ್ಪಾ.” ಅದು ಓಡಿತು. ಹಿಂದೆಯೇ ಮನೆಮನೆಯ ಟ್ರಂಕುಗಳು ತೆರೆದುಕೊಂಡವು. ಮದುವೆ, ತೊಟ್ಟಿಲು, ಮನೆ ಶಾಂತಿ, ಎಲ್ಲವೂ ಸೀಡಿಯಾಗಿ ಬಂದವು. “ನನ್ನ ಮಗನ ಶಾದೀದೂ ಒಂದ ಐತ್ರಿ,” ಎಂದ ಇಮಾಮಸಾಬ.

“ಇಷ್ಟ ಮಂದಿ ಇಲ್ಲಿ ಎಲ್ಲಿ ಹಿಡಸ್ತೀರಿ? ನಮ್ಮ ಪಡಸಾಲಿ ದೊಡ್ಡದೈತಿ, ಅಲ್ಲಿಗೇ ಒಯ್ಯೂಣು,” ಎಂದು ಸಕ್ರವ್ವ ತೀರ್ಮಾನ ಕೊಟ್ಟಳು. ನಿರ್ಮಲಾ ಬೇಡ ಎನ್ನಲಿಲ್ಲ. ಅವಳು ಅರಿಷಿಣ ಕುಂಕುಮ ತಂದಳು, ಯಾರೋ ಕಾಯಿ ಒಡೆದರು, ಮತ್ತು ಕಂಪ್ಯೂಟರು ಸಕಲ ಮರ್ಯಾದೆಗಳೊಂದಿಗೆ ಇಮಾಮಸಾಬನ ಅದೇ ಗುಜರಿ ಗಾಡಿ ಏರಿತು.

“ನಾ ಆಟ ಆಡೂದು ಯಾವಾಗ?” ಕಳಕೇಶ ಕೇಳಿದ.

“ಎಲ್ಲಾರ ಮದವೀನೂ ಮುಗೀಲಿ ತಡಿಯೋ!” ಎಂದಳು ಸಕ್ರವ್ವ.

ಗಾಡಿ ಹೊರಳುವುದರೊಳಗೆ ಖಾಲಿಯಾದ ಮೂಲೆಯಲ್ಲಿ ಸೀರೆಯ ಗಂಟುಗಳು ಏರಿ ಕೂತಿದ್ದವು. ಕಳಕೇಶ ಕೀಬೋರ್ಡನ್ನು ಎದೆಗವಚಿಕೊಂಡು ಮೆರವಣಿಗೆಯ ಹಿಂದೆ ನಡೆದ. ಸಕ್ರವ್ವ ತಿರುಗಿ ನೋಡಿ ಗದರಿದಳು.

“ಹುಷಾರೋ ತಮ್ಮಾ, ಕೆಳಗ ಬೀಳಿಸಿಗೀಳಿಸೀ. ನಮ್ಮ ಕಂಪ್ಯೂಟರಿಂದು ಅದು!”