ಕೊಳ್ಳೇಗಾಲದ ಕಡಲತೀರ

ಕೊಳ್ಳೇಗಾಲ ಪಟ್ಟಣವು ೧೯೫೮ರಿಂದ ೧೯೯೧ರವರೆಗೆ ಸಮುದ್ರ ತೀರದಲ್ಲಿತ್ತು. ಇದು ನನ್ನ ಸ್ವಂತ ಅಭಿಪ್ರಾಯವಲ್ಲ. ಜನಜೀವನ ಛಾಯಾಚಿತ್ರ ಸಂರಕ್ಷಣಾ ಮಂಡಳಿಯು ನಾಲ್ಕುನೂರ ಹನ್ನೆರಡು ಹಳೆಯ ಫೋಟೊಗಳನ್ನು ಪರಿಶೀಲಿಸಿ, ಎರಡು ಸಭೆ ನಡೆಸಿ, ಎರಡರಲ್ಲೂ ಉಪ್ಪಿಟ್ಟು ತಿಂದು ಕಂಡುಕೊಂಡ ಸತ್ಯ. ಆ ಮಂಡಳಿಯ ಕೊಳ್ಳೇಗಾಲ ಶಾಖೆಯಲ್ಲಿ ಗುಮಾಸ್ತನಾಗಿರುವ ಶಿವರಾಜು ಎಂಬವನು ನಾನೇ. ಕಡತ ನನ್ನ ಬೀರುವಿನಲ್ಲಿದೆ, ಬೀಗದ ಕೈಯೂ ನನ್ನ ಬಳಿಯೇ ಇದೆ.

ಫೋಟೊಗಳು ಕೊಳ್ಳೇಗಾಲ, ಹನೂರು, ಯಳಂದೂರಿನ ಮನೆಗೋಡೆಗಳಿಂದ ಇಳಿದು ಬಂದವು. ನಿವೃತ್ತರಾದ ಪೋಸ್ಟ್ ಮಾಸ್ಟರು ಹಾರ ಹಾಕಿಕೊಂಡು ಸಮುದ್ರದ ಮುಂದೆ ನಿಂತಿದ್ದಾರೆ. ಹದಿಮೂರು ಮಂದಿ ಪುರಸಭಾ ಸದಸ್ಯರು ಸಮುದ್ರಕ್ಕೆ ಬೆನ್ನು ಹಾಕಿ ಕುರ್ಚಿಯಲ್ಲಿ ಕೂತಿದ್ದಾರೆ. ಎಸ್ಸೆಸ್ಸೆಲ್ಸಿ ಪಾಸಾದವರೂ ಫೇಲಾದವರೂ ಒಂದೇ ಮುಖ ಮಾಡಿಕೊಂಡು ನಿಂತಿದ್ದಾರೆ. ಲೊಕ್ಕನಹಳ್ಳಿಯಲ್ಲಿ ಮೊದಲ ಸೈಕಲ್ ಕೊಂಡ ಮಹಾಶಯ ಅದನ್ನು ನೀರಿನ ಅಂಚಿನವರೆಗೂ ತಳ್ಳಿಕೊಂಡು ಬಂದಿದ್ದಾನೆ. ಎಲ್ಲರ ಹಿಂದೆಯೂ ಅಲೆಗಳು, ಎರಡು ತೆಂಗಿನಮರ, ಒಂದು ಹಡಗು.

ಅದು ಸಿದ್ದಯ್ಯನವರ ಸ್ಟುಡಿಯೋದ ಬಟ್ಟೆ ಪರದೆ ಎಂಬುದು ಊರಿಗೆಲ್ಲ ಗೊತ್ತು. ನನ್ನ ಅಪ್ಪ ಅವ್ವನ ಮದುವೆ ಫೋಟೊ ತೆಗೆದದ್ದೂ ಅದರ ಮುಂದೆಯೇ. ಆದರೆ ಮಂಡಳಿಯ ನಮೂನೆ ಮೂರರಲ್ಲಿ ‘ಹಿನ್ನೆಲೆಯಲ್ಲಿ ಏನು ಕಾಣುತ್ತದೆ?’ ಎಂಬ ಕಾಲಂ ಇತ್ತೇ ಹೊರತು ‘ಅದು ನಿಜವೆ?’ ಎಂಬ ಕಾಲಂ ಇರಲಿಲ್ಲ. ಕಾಲಂ ಇಲ್ಲದ ಕಡೆ ಬರೆದು ಕೆಲಸ ಕಳೆದುಕೊಳ್ಳುವ ವಯಸ್ಸು ನನ್ನದಲ್ಲ. ನಾಲ್ಕುನೂರ ಹನ್ನೆರಡು ಸಲ ‘ಸಮುದ್ರ’ ಎಂದು ಬರೆದೆ.

ನಮ್ಮ ಉಪನಿರ್ದೇಶಕ ಮಲ್ಲಿಕಾರ್ಜುನಸ್ವಾಮಿಯವರು ಭೂತಗನ್ನಡಿ ಹಿಡಿದು ವರದಿ ಸಿದ್ಧಪಡಿಸಿದರು. ಹಡಗು ಮೂವತ್ತಮೂರು ವರ್ಷ ಒಂದೇ ಜಾಗದಲ್ಲಿ ನಿಂತಿರುವುದಕ್ಕೆ ಬಂದರು ಕಾರ್ಮಿಕರ ಮುಷ್ಕರವೇ ಕಾರಣ ಎಂದರು. ೧೯೭೪ರ ನಂತರದ ಫೋಟೊಗಳಲ್ಲಿ ಎಡಗಡೆಯ ಕೆಳಮೂಲೆ ಕಾಣೆಯಾಗಿತ್ತು. ಅದನ್ನು ಇಲಿ ಕಡಿದಿತ್ತು. ವರದಿಯಲ್ಲಿ ‘ತೀವ್ರ ಕಡಲ್ಕೊರೆತ’ ಎಂದು ದಾಖಲಾಯಿತು. ೧೯೯೧ರಲ್ಲಿ ಸ್ಟುಡಿಯೋಗೆ ಹೊಸ ಪರದೆ ಬಂದಿತ್ತು, ಗುಲಾಬಿ ತೋಟದ್ದು. ಸಮುದ್ರ ಹಿಂದೆ ಸರಿದ ವರ್ಷ ಅದೇ ಎಂದು ತೀರ್ಮಾನವಾಯಿತು.

ವರದಿ ಮೇಲಕ್ಕೆ ಹೋಯಿತು, ಮಂಜೂರಾತಿ ಕೆಳಕ್ಕೆ ಬಂತು. ನಮ್ಮ ಶಾಖೆಗೆ ಕರಾವಳಿ ಭತ್ಯೆ ಸಿಕ್ಕಿತು. ಗಸ್ತಿಗೆಂದು ದೋಣಿ ಮಂಜೂರಾಯಿತು. ನೆಲದ ಮೇಲೆ ದೋಣಿಗಿಂತ ಕಾರು ಚೆನ್ನಾಗಿ ಓಡುತ್ತದೆ ಎಂಬ ತಾಂತ್ರಿಕ ಕಾರಣಕ್ಕೆ ಅದು ಕಾರಿನ ರೂಪದಲ್ಲಿ ಉಪನಿರ್ದೇಶಕ ಸಾಹೇಬರ ಮನೆ ಮುಂದೆ ಬಂದು ನಿಂತಿತು. ಯಳಂದೂರಿನವರು ತಮ್ಮ ಅಜ್ಜಂದಿರೂ ಅದೇ ತೀರದಲ್ಲಿ ನಿಂತಿದ್ದರೆಂದು ಮನವಿ ಕೊಟ್ಟರು. ಹನೂರಿನವರು ಅರ್ಧ ಸಮುದ್ರ ಕೇಳಿದರು. ಪಾಲಾರ್ ಗಡಿಯಾಚೆಯ ಪಕ್ಕದ ರಾಜ್ಯದವರು ಪಾಲು ಕೇಳುವುದರೊಳಗೆ ಹಂಚಿಕೊಂಡುಬಿಡೋಣ ಎಂದು ಸಭೆ ಸರ್ವಾನುಮತದಿಂದ ಒಪ್ಪಿತು.

ಇದರಿಂದ ಯಾರಿಗೂ ತೊಂದರೆ ಇರಲಿಲ್ಲ, ಚೌಡೇಶ್ವರಿ ಎಂಬ ಹೆಂಗಸೊಬ್ಬಳನ್ನು ಬಿಟ್ಟರೆ. ಸಿದ್ದಯ್ಯನವರ ಸ್ಟುಡಿಯೋದಿಂದ ಮೂರನೇ ಮನೆ ಅವಳದು. ನಲವತ್ತು ವರ್ಷದಿಂದ ರೇಷ್ಮೆ ಸೀರೆ ನೇಯುತ್ತಾಳೆ. ಗಂಡ ಇಲ್ಲ, ಇರುವುದೊಂದು ಮಗ್ಗ. ಹಿಂಗಾರು ಮಳೆಗೆ ಮಗ್ಗದ ಕೋಣೆಯ ಗೋಡೆ ಬಿದ್ದು, ಅರ್ಧ ನೇಯ್ದ ಸೀರೆಯ ಸಮೇತ ಮಗ್ಗ ಟಾರ್ಪಾಲಿನ ಕೆಳಗೆ ಸೇರಿತ್ತು. ಮುಂಗಾರಿನೊಳಗೆ ಗೋಡೆ ಏಳದಿದ್ದರೆ ರೇಷ್ಮೆಯೂ ಹಾಳು, ಮರವೂ ಹಾಳು. ಆದರೆ ಹಿಂದೆ ಸರಿದ ಸಮುದ್ರ ಯಾವಾಗ ಬೇಕಾದರೂ ಮರಳಿ ಬರಬಹುದೆಂದು, ಅದರ ಹಳೆಯ ಅಂಚಿನಿಂದ ಐನೂರು ಮೀಟರಿನೊಳಗೆ ಮಂಡಳಿಯ ನಿರಾಕ್ಷೇಪಣಾ ಪತ್ರವಿಲ್ಲದೆ ಇಟ್ಟಿಗೆ ಇಡುವಂತಿರಲಿಲ್ಲ. ಸಮುದ್ರ ಶುರುವಾಗುವುದು ಪರದೆ ತೂಗುಹಾಕುತ್ತಿದ್ದ ಮೊಳೆಯಿಂದ. ಟೇಪು ಹಿಡಿದು ಅಳೆದವನು ನಾನೇ. ಅವಳ ಮನೆ ಇಪ್ಪತ್ತೆರಡು ಮೀಟರು.

“ಸಾ, ಇಲ್ಲಿ ಎಲ್ಲದ ಸಾ ಸಮುದ್ರ?” ಎಂದಳು ಚೌಡೇಶ್ವರಿ, ಸಾಹೇಬರ ಮೇಜಿನ ಮುಂದೆ ನಿಂತು. “ನಾನು ಉಟ್ಟಿದ್ದೂ ಇದೇ ಬೀದೀಲಿ, ಮದ್ವೆಯಾಗಿದ್ದೂ ಇದೇ ಬೀದೀಲಿ.”

ಸಾಹೇಬರು ಒಂದು ಫೋಟೊ ತೆಗೆದು ಮುಂದಿಟ್ಟರು. “ಕ್ರಮ ಸಂಖ್ಯೆ ಇನ್ನೂರ ಎಂಬತ್ತೇಳು. ಇದು ನಿಮ್ಮ ಮದುವೆ ಫೋಟೊ ತಾನೆ?”

“ಊ ಸಾ.”

“ನಿಮ್ಮ ಹಿಂದೆ ಏನಮ್ಮ ಕಾಣ್ತಿದೆ?”

“ಸಮುದ್ರ ಸಾ.”

“ಮತ್ತೆ?”

ಅವಳು ನನ್ನ ಕಡೆ ತಿರುಗಿದಳು. “ಶಿವ್ರಾಜು, ನೀನಾರ ಯೇಳಪ್ಪ.” ನಾನು ಪೆನ್ನಿನ ಮುಚ್ಚಳ ತೆಗೆದು ಮತ್ತೆ ಹಾಕಿದೆ.

ನಿಯಮದ ಪ್ರಕಾರ ಸಾಕ್ಷಿ ಹಾಜರುಪಡಿಸಲು ಅವಕಾಶವಿತ್ತು. ಸಿದ್ದಯ್ಯನವರು ಎಂಬತ್ತರ ವಯಸ್ಸಿನಲ್ಲಿ ಪರದೆಯನ್ನೇ ಸುತ್ತಿಕೊಂಡು ಆಟೋದಲ್ಲಿ ತಂದರು. ಕಚೇರಿಯ ನೆಲದ ಮೇಲೆ ಬಿಚ್ಚಿದರು. “ನಮ್ಮಪ್ಪ ಬರ್ದಿದ್ದು ಕಣ್ ಸಾ. ಕ್ಯಾಲೆಂಡರ್ ನೋಡ್ಕಂಡು ಬರ್ದದ್ದು. ಅವ್ರು ಜೀವ್ಮಾನ್ದಲ್ಲಿ ಸಮುದ್ರ ಕಂಡೋರಲ್ಲ.”

ಸಾಹೇಬರು ಚಪ್ಪಲಿ ಕಳಚಿಟ್ಟು ಪರದೆಯ ಸುತ್ತ ಒಂದು ಸುತ್ತು ಬಂದರು. “ಕಾಣದೆ ಇಷ್ಟು ಚೆನ್ನಾಗಿ ಬರೆಯೋಕೆ ಯಾರಿಂದ ಸಾಧ್ಯ ರೀ?” ಎಂದರು. ಪರದೆಯು ನಾಲ್ಕುನೂರ ಹದಿಮೂರನೇ ಪುರಾವೆಯಾಗಿ ಜಪ್ತಾಯಿತು. ಸಿದ್ದಯ್ಯನವರಿಗೆ ರಸೀತಿ ಕೊಟ್ಟೆವು.

ಮರುವಾರ ಸ್ಥಳ ಪರಿಶೀಲನೆ ನಡೆಯಿತು. ನೇಯುವವರು ಕಾಲು ಇಳಿಬಿಡಲು ಮಗ್ಗದ ಕೆಳಗೆ ಗುಂಡಿ ಇರುತ್ತದೆ. ಮಳೆಯಿಂದಾಗಿ ಆ ಗುಂಡಿಯಲ್ಲಿ ಮೊಣಕಾಲುದ್ದ ನೀರು ನಿಂತಿತ್ತು. ಸಾಹೇಬರು ಬಗ್ಗಿ ಅದರಲ್ಲಿ ಬೆರಳು ಅದ್ದಿ ನೋಡಿದರು. “ಬರ್ತಾ ಇದೆ,” ಎಂದರು ಕೊನೆಗೆ. ಬಾಟಲಿಯಲ್ಲಿ ಮಾದರಿ ಹಿಡಿದು ಪ್ರಯೋಗಾಲಯಕ್ಕೆ ಕಳಿಸಿದೆವು. ನೀರಿನಲ್ಲಿ ಉಪ್ಪಿನ ಅಂಶವಿಲ್ಲ ಎಂದು ಉತ್ತರ ಬಂತು. ಪ್ರಪಂಚದಲ್ಲೇ ಅಪರೂಪವಾದ ಸಿಹಿನೀರಿನ ಸಮುದ್ರ ಇದೆಂದೂ, ಐನೂರು ಮೀಟರಿನ ಮಿತಿಯನ್ನು ಸಾವಿರಕ್ಕೆ ಏರಿಸಬೇಕೆಂದೂ ಸಾಹೇಬರು ಅಂದೇ ಬರೆದರು.

ಟಾರ್ಪಾಲಿನ ಕೆಳಗೆ ಅವಳು ಪಾತ್ರೆಯಲ್ಲಿ ನೀರು ತೋಡುತ್ತಿದ್ದದ್ದನ್ನು ಕಂಡ ಮೇಲೆ ನನಗೆ ನಾಚಿಕೆಯಾಯಿತು, ಇದನ್ನು ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ. ನಿಯಮಾವಳಿಯ ಪುಸ್ತಕವನ್ನು ಮೂರು ಸಲ ತಿರುವಿಹಾಕಿದೆ. ಹನ್ನೊಂದನೇ ನಿಯಮದಲ್ಲಿ ದಾರಿ ಸಿಕ್ಕಿತು. ತಲತಲಾಂತರದಿಂದ ತೀರದಲ್ಲಿ ವಾಸವಿದ್ದು ಮೀನುಬಲೆ ಹೆಣೆಯುವವರು ತಮ್ಮ ಗೋಡೆ ಕಟ್ಟಿಕೊಳ್ಳಬಹುದು. ಅರ್ಜಿ ತುಂಬಿಕೊಂಡು ಅವಳ ಮನೆಗೆ ಹೋದೆ.

“ಅಕ್ಕಾ, ಒಂದು ಸೈನು ಹಾಕಿಬುಡು. ನೀನು ನೇಯೋದು ಬಲೆ ಅಂತ.”

“ಬಲೆಯಾ?”

“ಕಾಗದದಲ್ಲಿ ಅಷ್ಟೇ.”

“ಬಲೇಲಿ ತೂತು ಇರ್ತದಲ್ಲಪ್ಪ,” ಎಂದಳು. ಎದ್ದು ಒಳಗೆ ಹೋಗಿ ಹಿಂದಿನ ವರ್ಷ ನೇಯ್ದ ಸೀರೆಯೊಂದನ್ನು ತಂದು, ಸೆರಗನ್ನು ಬೆಳಕಿಗೆ ಅಡ್ಡ ಹಿಡಿದಳು. “ನೋಡು. ಒಂದು ಸೂಜಿಮೊನೆಯಷ್ಟು ಬೆಳಕು ಬಂದದ ನೋಡು. ನಲವತ್ತು ವರ್ಸದಲ್ಲಿ ಒಬ್ರೂ ನನ್ ಸೀರೇಲಿ ತೂತದ ಅಂದಿಲ್ಲ ಕಣ್ಲಾ. ಈಗ ನಾನೇ ಬರ್ಕೊಡ್ಲಾ?”

ಟಾರ್ಪಾಲಿನ ಮೇಲೆ ಹನಿ ಬೀಳುವ ಸದ್ದು ಕೇಳತೊಡಗಿತು. ಅವಳು ತಲೆಯೆತ್ತಿ ಮಗ್ಗದ ಕಡೆ ನೋಡಿದಳು. ಸೀರೆಯನ್ನು ಮಡಿಕೆ ತಪ್ಪದಂತೆ ಮಡಿಚಿ ಒಳಗಿಟ್ಟು ಬಂದು ಪೆನ್ನು ಕೇಳಿದಳು. ‘ಬಲೆಯ ರಂಧ್ರದ ಅಳತೆ’ ಎಂಬ ಕಾಲಂ ಖಾಲಿ ಉಳಿದಿತ್ತು. ಅರ್ಧ ಅಂಗುಲ ಎಂದು ನಾನೇ ತುಂಬಿದೆ. ಅದನ್ನು ಓದಿ ಅವಳು ಕಣ್ಣು ಒರೆಸಿಕೊಂಡು ಸಹಿ ಹಾಕಿದಳು.

ಏಪ್ರಿಲ್‌ನಲ್ಲಿ ಗೋಡೆ ಎದ್ದಿತು. ಮಗ್ಗ ಮತ್ತೆ ಸದ್ದು ಮಾಡಿತು. ಹೊನ್ನೂರಿನ ಕಡೆಯ ಮದುವೆಯೊಂದಕ್ಕೆ ಧಾರೆ ಸೀರೆ ಒಪ್ಪಿಕೊಂಡಳು, ಜುಲೈ ಕೊನೆಯೊಳಗೆ ಕೊಡುವುದೆಂದು. ಅಷ್ಟರಲ್ಲಿ ಮೇಲಿನಿಂದ ಸುತ್ತೋಲೆ ಬಂತು:

‘ಮೀನುಗಳ ಸಂತಾನೋತ್ಪತ್ತಿಯ ಕಾಲವಾದ್ದರಿಂದ ಜೂನ್ ಒಂದರಿಂದ ಜುಲೈ ಮೂವತ್ತೊಂದರವರೆಗೆ ಬಲೆ ಬೀಸುವುದು, ಹೆಣೆಯುವುದು ಹಾಗೂ ಬಲೆಗೆ ಸಂಬಂಧಿಸಿದ ಸದ್ದು ಮಾಡುವುದನ್ನು ನಿಷೇಧಿಸಿದೆ.’

ನೋಂದಾಯಿತ ಬಲೆಗಾರರು ನಮ್ಮ ವ್ಯಾಪ್ತಿಯಲ್ಲಿ ಒಬ್ಬರೇ. ಸುತ್ತೋಲೆ ಹಿಡಿದು ಹೋಗುವಾಗ ಬೈಗುಳಕ್ಕೂ ತಯಾರಾಗಿದ್ದೆ, ಪೊರಕೆಗೂ ತಯಾರಾಗಿದ್ದೆ.

ಚೌಡೇಶ್ವರಿ ಜಗಲಿಯ ಮೇಲೆ ಕೂತು ಹುಣಸೆಹಣ್ಣು ಬಿಡಿಸುತ್ತಿದ್ದಳು. ಸುದ್ದಿ ನನಗಿಂತ ಮೊದಲೇ ಊರೆಲ್ಲ ಹರಡಿತ್ತು, ಮಗ್ಗಕ್ಕೆ ಆಗಲೇ ಹಳೇ ಪಂಚೆ ಹೊದಿಸಿತ್ತು. ಹೊನ್ನೂರಿನವರಿಗೆ ಏನು ಹೇಳುತ್ತೀಯ ಎಂದು ಕೇಳಿದೆ. ಅವರೇ ಬಂದು ಹೋದರಂತೆ. ಮೀನಿನ ವಿಷಯ ಗೊತ್ತಿಲ್ಲದೆ ಲಗ್ನ ಗೊತ್ತು ಮಾಡಿದ್ದು ತಮ್ಮದೇ ತಪ್ಪೆಂದು ಒಪ್ಪಿಕೊಂಡು, ಮದುವೆಯನ್ನು ಸೆಪ್ಟೆಂಬರಿಗೆ ಹಾಕಿದರಂತೆ.

“ಇದೆಂಥ ಅನ್ಯಾಯ ಅಕ್ಕಾ!” ಎಂದುಬಿಟ್ಟೆ. ಹದಿನೆಂಟು ವರ್ಷದ ಸೇವೆಯಲ್ಲಿ ಮೊದಲ ಸಲ ನನ್ನ ದನಿ ಏರಿತ್ತು.

ಅವಳು ತುಟಿಯ ಮೇಲೆ ಬೆರಳಿಟ್ಟಳು.

“ಮೆತ್ಗೆ ಮಾತಾಡ್ಲಾ ಶಿವ್ರಾಜು,” ಎಂದಳು. “ಮರಿ ಮಾಡೋ ಕಾಲ.”

ನಾನು ಪಿಸುದನಿಯಲ್ಲಿ ಸುತ್ತೋಲೆ ಓದಿ ಹೇಳಿ, ಸಹಿ ಹಾಕಿಸಿಕೊಂಡು, ತುದಿಗಾಲಲ್ಲಿ ಕಚೇರಿಗೆ ವಾಪಸು ಬಂದೆ.