ಜೇಡನ ಕಣ್ಣಲ್ಲಿ ಮುಂಡು

ವಯಸ್ಸಾದ ಮೇಲೆ ಹೆಂಗಸರು ಭಜನೆ ಹಿಡಿಯುತ್ತಾರೆ, ಇಲ್ಲವೇ ಸೊಸೆಯನ್ನು ಹಿಡಿಯುತ್ತಾರೆ. ನಾನು ಜೇಡ ಹಿಡಿದೆ, ಕ್ಯಾಮೆರಾದಲ್ಲಿ. ಮೂಡುಬಿದಿರೆಯ ನಮ್ಮ ಹಿತ್ತಲ ಬಸಳೆ ಚಪ್ಪರದಲ್ಲಿ ಅಕ್ಕಿಕಾಳಿನಷ್ಟೇ ಇರುವ, ಜಿಗಿಯುವ ಜೇಡವೊಂದುಂಟು. ಮ್ಯಾಕ್ರೋ ಲೆನ್ಸಿನಲ್ಲಿ ಅದರ ಮುಖ ನೋಡಿದರೆ ನಾನು ಕಲಿತ ಕಾನ್ವೆಂಟ್ ಶಾಲೆಯ ಮದರ್ ಸುಪೀರಿಯರ್ ನೆನಪಾಗುತ್ತಾರೆ: ದೊಡ್ಡ ಕಣ್ಣು, ಪೂರ್ತಿ ಮೌನ.

ಕಷ್ಟವೆಲ್ಲ ಫ್ಲ್ಯಾಶಿನದು. ನೇರ ಬಿದ್ದರೆ ಬೆಳಕು ತುಂಬ ಹಾರ್ಶ್. ಜೇಡ ಎಣ್ಣೆ ಹಚ್ಚಿಕೊಂಡ ಮದುಮಗನ ಹಾಗೆ ಹೊಳೆಯುತ್ತದೆ. ಬೆಳಕನ್ನು ಮೆತ್ತಗೆ ಮಾಡಲು ಮುಂದೆ ಡಿಫ್ಯೂಸರ್ ಎಂಬ ತೆರೆ ಬೇಕು. ಅಂಗಡಿಯದ್ದು ನನ್ನ ಲೆನ್ಸಿಗೆ ಹೊಂದಲಿಲ್ಲ. ಐಸ್‌ಕ್ರೀಮ್ ಡಬ್ಬ ಕತ್ತರಿಸಿದೆ, ಥರ್ಮಾಕೋಲ್ ಅಂಟಿಸಿದೆ, ದುಂಡಗೆ ಬಗ್ಗಿಸಿದ ತಂತಿಗೆ ಬಟರ್ ಪೇಪರ್ ಸುತ್ತಿದೆ. ಕೊನೆಗೆ ಕಪಾಟಿನಲ್ಲಿ, ತೀರಿಕೊಂಡ ನಮ್ಮವರ ಹಳೆಯ ಮುಂಡು ಕಂಡಿತು. ಒಗೆದೊಗೆದು ಹಾಲಿನ ಕೆನೆಯಂತಾಗಿದ್ದ ಬಿಳಿ ಪಂಚೆ. ಒಂದು ತುಂಡು ಕತ್ತರಿಸಿ ಅದೇ ತಂತಿಗೆ ಸುತ್ತಿದೆ. ಬೆಳಕು ಎಷ್ಟು ಸಾಫ್ಟ್ ಎಂದರೆ ಜೇಡನ ಒಂದೊಂದು ರೋಮವೂ ಬೇರೆಬೇರೆಯಾಗಿ ಕಂಡಿತು.

ಡಿಫ್ಯೂಸರಿನ ಆಕಾರ ಜೇಡನ ಕಣ್ಣಲ್ಲಿ ಬಿಳಿ ಮಚ್ಚೆಯಾಗಿ ಬೀಳುತ್ತದೆ. ಅದು ಫಿಸಿಕ್ಸ್. ತಂತಿ ದುಂಡಗಿದ್ದರೆ ಮಚ್ಚೆಯೂ ದುಂಡಗಿರಬೇಕು. ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ನೋಡಿದೆ. ಮಚ್ಚೆ ಉದ್ದವಾಗಿತ್ತು, ಮೇಲೆ ತುಸು ಬಾಗಿತ್ತು. ನಮ್ಮವರು ನನ್ನ ಬೆನ್ನ ಹಿಂದೆ ನಿಂತು, ಕತ್ತು ಬಗ್ಗಿಸಿ, "ನಿನ್ನಿಂದ ಆಗ್ಲಿಕ್ಕಿಲ್ಲ ಮಾರಾಯ್ತಿ" ಎನ್ನುತ್ತಿದ್ದುದು ಹೀಗೆಯೇ. ಮುಂದಿನ ಚಿತ್ರದಲ್ಲಿ ಮಚ್ಚೆ ಇನ್ನೂ ಹತ್ತಿರ ಬಂದಿತ್ತು. ನಾನು ಏನನ್ನೂ ಅಲುಗಿಸಿರಲಿಲ್ಲ. ಬಟರ್ ಪೇಪರ್ ಹಾಕಿದೆ: ದುಂಡಗೆ. ಮುಂಡಿನ ತುಂಡು ಹಾಕಿದೆ: ಅವರು. ಮಟಮಟ ಮಧ್ಯಾಹ್ನವೇ ಬೆನ್ನು ತಣ್ಣಗಾಯಿತು. ಆದರೂ ಮರುದಿನದಿಂದ ಇಸ್ತ್ರಿ ಮಾಡಿದ ಸೀರೆ ಉಟ್ಟುಕೊಂಡೇ ಹಿತ್ತಲಿಗೆ ಹೋಗತೊಡಗಿದೆ.

ಅಷ್ಟರಲ್ಲಿ ಆಟಿ ತಿಂಗಳು, ತುಳುವರ ಆಷಾಢ, ಬಂತು. ತೀರಿಕೊಂಡವರಿಗೆ ಎಲೆ ಹಾಕಿ ಬಡಿಸಿ, ಪಕ್ಕದಲ್ಲಿ ಬಟ್ಟೆಯಿಟ್ಟು, ಬಾಗಿಲು ಮುಚ್ಚಿ ಹೊರಗೆ ಕಾಯುವುದು ನಮ್ಮ ಮನೆಯ ಕ್ರಮ. ಬಂಟ್ವಾಳದಿಂದ ಅವರ ಅಕ್ಕ ಸುಂದರಕ್ಕ ಬಂದು, ಪ್ರತಿವರ್ಷ ಇಡುವ ಆ ಮುಂಡನ್ನೇ ಬಿಡಿಸಿದರು. ತೂತಿನಾಚೆಯಿಂದ ನನ್ನನ್ನು ನೋಡಿದರು.

"ಇದೆಂತದು?"

"ಡಿಫ್ಯೂಸರ್ ಮಾಡಿದ್ದು, ಸುಂದರಕ್ಕ" ಎಂದು ಚಿತ್ರ ತೋರಿಸಿದೆ. ಅವರು ಕನ್ನಡಕ ಏರಿಸಿ ತುಂಬ ಹೊತ್ತು ನೋಡಿದರು.

"ಪಾಪ, ಆ ತುಂಡಿಗಾಗಿ ನಿನ್ನ ಹಿಂದೆ ಹಿಂದೆಯೇ ಬರ್ತಿದ್ದಾನೆ. ಸತ್ತವನಿಗೂ ಮರ್ಯಾದೆ ಅಂತ ಉಂಟಲ್ಲ. ಹೊಲಿ ಅದನ್ನು."

"ಹೊಲಿದ್ರೆ ಹೋಗ್ತಾರಲ್ಲ?"

"ಹೊಟ್ಟೆ ತುಂಬಿಸಿ ಕಳಿಸ್ಲಿಕ್ಕೇ ಅಲ್ವಾ ಬಡಿಸುದು? ಜೇಡನ ಕಣ್ಣಲ್ಲಿ ಕೂರಿಸ್ಲಿಕ್ಕಾ?"

ಹೊಲಿದೆ. ಕಾನ್ವೆಂಟಿನಲ್ಲಿ ಕಲಿತ ನೀಡಲ್‌ವರ್ಕ್ ಅಷ್ಟು ನಿಧಾನವಾಗಿ ಎಂದೂ ಸಾಗಿರಲಿಲ್ಲ. ಬಡಿಸಿ, ಬಾಗಿಲು ಮುಚ್ಚಿ ಕಾದೆವು. ತೆರೆದಾಗ ಮುಂಡಿನ ಮಡಿಕೆ ಸ್ವಲ್ಪ ಕದಲಿತ್ತು. ಗಾಳಿ ಎಂದೆ ನಾನು. ಕಿಟಕಿ ಹಾಕಿತ್ತು ಎಂದರು ಸುಂದರಕ್ಕ, ಕೋಳಿ ಸಾರಿನ ಪಾತ್ರೆ ಎತ್ತುತ್ತಾ.

ಮರುದಿನ ಬಟರ್ ಪೇಪರ್ ಕಟ್ಟಿಕೊಂಡು ಜೇಡನ ಚಿತ್ರ ತೆಗೆದೆ. ಕಣ್ಣಲ್ಲಿ ದುಂಡನೆಯ ಬಿಳಿ ಮಚ್ಚೆ. ಅದರ ಕೆಳಗೆ ಗೂನು ಬೆನ್ನಿನ ಒಂದು ಸಣ್ಣ ಕಪ್ಪು ಆಕೃತಿ. ಹೆದರಿ ದೊಡ್ಡದು ಮಾಡಿ ನೋಡಿದರೆ, ನಾನು. ಹಿಂದೆ ಯಾರೂ ಇಲ್ಲ.

ಟೆಕ್ನಿಕಲಿ ಚಿತ್ರ ಪರ್ಫೆಕ್ಟ್. ಬೆಳಕು ಮಾತ್ರ ಕೊಂಚ ಹಾರ್ಶ್, ಅಷ್ಟೇ. ಕಪಾಟಿನಲ್ಲಿ ಅವರ ಬಿಳಿ ಶರ್ಟೊಂದು ಉಂಟು, ಒಳ್ಳೆಯ ಕಾಟನ್. ಸುಂದರಕ್ಕ ಇನ್ನು ಬರುವುದು ಮುಂದಿನ ಆಟಿಗೆ. ಕತ್ತರಿ ಹುಡುಕುತ್ತಿದ್ದೇನೆ.